ಬೀಗರಿಗೊಂದು ಜಾಡಿ ಹೊಗೆಸೊಪ್ಪು

ನಮ್ಮ ಚಿಕ್ಕಪ್ಪ ಯಾರ ಮಾತನ್ನೂ ಕೊನೆಯವರೆಗೆ ಕೇಳಿದವನಲ್ಲ. ಎದುರಿನವರು ವಾಕ್ಯದ ಅರ್ಧಕ್ಕೆ ಬರುವಷ್ಟರಲ್ಲಿ ಇವನಿಗೆ ಎಲ್ಲ ಅರ್ಥವಾಗಿಬಿಟ್ಟಿರುತ್ತದೆ, ಕಾಲು ಚಪ್ಪಲಿ ಹುಡುಕುತ್ತಿರುತ್ತದೆ. ಬೇರೆ ಯಾವುದೋ ಭಾಷೆಯವನಾಗಿದ್ದರೆ ಇದರಿಂದ ಅಷ್ಟೇನೂ ನಷ್ಟವಾಗುತ್ತಿರಲಿಲ್ಲವೇನೋ. ನಮ್ಮ ಭಾಷೆಯಲ್ಲಿ ಬೇಕು ಬೇಡ, ಹೌದು ಅಲ್ಲ, ಇದೆ ಇಲ್ಲ ಎಲ್ಲವೂ ವಾಕ್ಯದ ಬಾಲದಲ್ಲಿ ಕೂತಿರುತ್ತವೆ. ನಾನು ಮುದ್ರಣಾಲಯದಲ್ಲಿ ಕರಡು ತಿದ್ದುವವಳು, ದಿನವಿಡೀ ವಾಕ್ಯಗಳ ಬಾಲ ಹಿಡಿದುಕೊಂಡೇ ಅನ್ನ ತಿನ್ನುವವಳು. ಬಾಲ ಬಿಟ್ಟವನ ಪಾಡು ಏನಾಗುತ್ತದೆಂದು ಅವನ ಮನೆಯ ಮೇಲಂತಸ್ತಿನಲ್ಲೇ ಕೂತು ಕಣ್ಣಾರೆ ನೋಡಿದ್ದೇನೆ.

ಚಿಕ್ಕಪ್ಪನ ಕಸುಬು ಬೀಗ ರಿಪೇರಿ. ಮನೆಯ ಕೆಳಗೆ ರಸ್ತೆಗೆ ತೆರೆದುಕೊಂಡ ಪುಟ್ಟ ಅಂಗಡಿ, ಇಬ್ಬರು ಗಿರಾಕಿಗಳು ಬಂದರೆ ಒಬ್ಬರು ರಸ್ತೆಯಲ್ಲೇ ನಿಲ್ಲಬೇಕು. ಗೋಡೆ ತುಂಬ ಮೊಳೆಗೆ ನೇತುಹಾಕಿದ ಕೀಲಿಗಳು, ಮೇಜಿನ ಅಂಚಿಗೆ ಬಿಗಿದ, ಕೀಲಿ ಕಚ್ಚಿ ಹಿಡಿಯುವ ವೈಸು, ಅರ, ಎಣ್ಣೆ ಡಬ್ಬಿ, ಎಲ್ಲದರ ಮೇಲೂ ಹಿತ್ತಾಳೆಯ ಪುಡಿ. ಕೆಲಸದಲ್ಲಿ ಅವನು ನಿಸ್ಸೀಮ, ಅದರಲ್ಲಿ ಎರಡು ಮಾತಿಲ್ಲ. ತೊಂದರೆಯೆಂದರೆ ಅಂಗಡಿಯ ಚಟ ಮನೆಯೊಳಗೂ ಬಂದಿತ್ತು. ಮುಚ್ಚಿದ್ದು ಏನೇ ಕಂಡರೂ ಅವನ ಬೆರಳು ತುರಿಸುತ್ತಿತ್ತು. ಒಲೆಯ ಮೇಲಿನ ಪಾತ್ರೆಯ ಮುಚ್ಚಳ ಎತ್ತಿ ಎತ್ತಿ ನೋಡಿ ಬೇಯುವುದನ್ನೂ ಬೇಯಲು ಬಿಡುತ್ತಿರಲಿಲ್ಲ. ಅಂಚೆಯವನು ಪಕ್ಕದ ಮನೆಯ ಪಾರ್ಸೆಲ್ ಕೊಟ್ಟು ಹೋದರೂ ಬಿಚ್ಚಿ, ಮತ್ತೆ ಚೆನ್ನಾಗಿ ಕಟ್ಟಿ ಕೊಡುತ್ತಿದ್ದ. ಚಿಕ್ಕಮ್ಮ ಅವನನ್ನು ಕಾಲು ಸುಟ್ಟ ಬೆಕ್ಕು ಅನ್ನುತ್ತಿದ್ದಳು. ತಾಳಿದವನು ಬಾಳಿಯಾನು ಅಂತಾರಲ್ಲ, ನಮ್ಮ ಮನೆಯಲ್ಲಿ ನಾನು ತಾಳಿದ್ದಕ್ಕೆ ಇವರು ಬಾಳಿದ್ದಾರೆ ಎಂದು ಬಂದವರಿಗೆಲ್ಲ ಹೇಳುತ್ತಿದ್ದಳು.

ಒಬ್ಬಳೇ ಮಗಳು, ನನಗೆ ತಂಗಿಯಾಗಬೇಕು. ಅವಳ ಮದುವೆಯಲ್ಲಿ ಎಲ್ಲರ ಬಾಯಲ್ಲೂ ಒಂದೇ ನಗೆಚಾಟಿಕೆ: ಇಷ್ಟು ದಿನ ಬೀಗ ರಿಪೇರಿ ಮಾಡಿದವನಿಗೆ ಈಗ ಜೀವವಿರುವ ಬೀಗರು ಸಿಕ್ಕರು, ಇವರನ್ನು ಹೇಗೆ ತೆಗೆಯುತ್ತಾನೋ ನೋಡೋಣ ಅಂತ. ಚಿಕ್ಕಪ್ಪನೂ ಹಿಗ್ಗಿ ನಕ್ಕಿದ್ದ.

ಬೀಗರು, ಅಂದರೆ ತಂಗಿಯ ಮಾವ, ನಕ್ಷೆ ಬರೆಯುವ ಕಚೇರಿಯಲ್ಲಿದ್ದು ನಿವೃತ್ತರಾದವರು. ಉದ್ದನೆಯ ಬೆರಳು, ನಿಧಾನದ ನಡೆ, ಅದಕ್ಕಿಂತ ನಿಧಾನದ ಮಾತು. ಅವರಿಗೆ ಪೈಪು ಸೇದುವ ಅಭ್ಯಾಸ. ವಾಕ್ಯದ ನಡುವೆ ಪೈಪು ಬಾಯಿಗೆ ಹೋಗುತ್ತದೆ, ಹೊಗೆ ಹೊರಗೆ ಬಂದು, ಚಾವಣಿಯ ಕಡೆ ಏರಿ, ಕರಗಿದ ಮೇಲೆಯೇ ಕ್ರಿಯಾಪದ ಬರುವುದು. ಇಂಥವರನ್ನೂ ನಮ್ಮ ಚಿಕ್ಕಪ್ಪನನ್ನೂ ಎದುರುಬದುರು ಕೂರಿಸಿದರೆ ಏನಾಗಬೇಕೋ ಅದೇ ಆಯಿತು.

ಮದುವೆಯಾದ ಹೊಸತು. ಮಗಳ ಮನೆಗೆ ಹೋಗಿದ್ದ ಚಿಕ್ಕಪ್ಪ ಕೂತಲ್ಲಿ ಕೂರಲಾರದೆ ಕೋಣೆ ಕೋಣೆ ನೋಡುತ್ತಾ ಬೀಗರ ಕೋಣೆಗೂ ಹೋದ. ಅಲ್ಲೊಂದು ಮರದ ಬೀರು, ಬೀಗದ ಮೇಲೆ ಧೂಳು. ಇದೇನು ಹೀಗೆ ಎಂದು ಕೇಳಿದ. ಬೀಗರು ಪೈಪಿಗೆ ಸೊಪ್ಪು ತುಂಬುತ್ತಾ, "ಅದರ ಕೀಲಿ ಕಳೆದು ನಾಲ್ಕು ವರ್ಷ ಆಯ್ತು. ಯಾರನ್ನಾದ್ರೂ ಕರೆಸಿ ತೆಗೆಸಬೇಕು ಅಂತ" ಎಂದು ಕಡ್ಡಿ ಗೀರಿದರು. ಹೊಗೆ ಬಂತು. "ನನಗೆ ಯಾವತ್ತೂ ಅನ್ನಿಸಿಲ್ಲ" ಎಂದು ಮುಗಿಸಿದಾಗ ಎದುರಿಗೆ ಯಾರೂ ಇರಲಿಲ್ಲ. ಚಿಕ್ಕಪ್ಪ ಮಗಳ ಹತ್ತಿರ ಹೋಗಿರಬೇಕು ಅಂದುಕೊಂಡು ಬೀಗರು ಪೈಪು ಹಿಡಿದು ಬಾಲ್ಕನಿಗೆ ನಡೆದರು. ಚಿಕ್ಕಪ್ಪ ಹೊರಬಾಗಿಲ ಹತ್ತಿರ ಇಟ್ಟಿದ್ದ ತನ್ನ ಚೀಲ ತರಲು ಹೋಗಿದ್ದ. ಆ ಚೀಲವಿಲ್ಲದೆ ಅವನು ಎಲ್ಲಿಗೂ ಹೋಗುವವನಲ್ಲ.

ಬೀಗ ಬಿಚ್ಚಿದ ಸದ್ದಿಗೆ ಬೀಗರು ಓಡಿ ಬಂದರಂತೆ. ಅವರು ಓಡಿದ್ದನ್ನು ಮನೆಯವರು ನೋಡಿದ್ದು ಅದೇ ಮೊದಲು. ಬೀರುವಿನ ತುಂಬ ಅವರ ಹೆಂಡತಿಯ ಬಟ್ಟೆಗಳು. ಕೊನೆಯ ಸಲ ಆಸ್ಪತ್ರೆಗೆ ಹೊರಡುವ ಮುಂಚೆ ಆಕೆಯೇ ಮಡಿಸಿಟ್ಟು ಬೀಗ ಹಾಕಿದ್ದು. ಎರಡೂ ಬಾಗಿಲು ಅಗಲವಾಗಿ ತೆರೆದಿದ್ದವು, ಕಿಟಕಿಯೂ ತೆರೆದಿತ್ತು. ಬೀಗರು ಬಟ್ಟೆಗಳ ನಡುವೆ ಮುಖ ಇಟ್ಟು ಮೂಸಿದರು. ಆಮೇಲೆ ತಿರುಗಿ, "ಅವಳು ಮುಚ್ಚಿಟ್ಟ ಗಾಳಿ ಅದು. ಈಗ ಬರೀ ಬಟ್ಟೆ" ಅಂದರು. ಕೂಗಲಿಲ್ಲ, ಬೈಯಲಿಲ್ಲ. ಬೈದಿದ್ದರೆ ಚಿಕ್ಕಪ್ಪ ಬದುಕಿಕೊಳ್ಳುತ್ತಿದ್ದ.

ಮೆಟ್ಟಿಲಿಳಿಯುವಾಗ ಮಗಳೇ ಹಿಂದೆ ಬಂದಳು. "ಅಪ್ಪ, ಸ್ವಲ್ಪ ದಿನ ನೀನು ಈ ಕಡೆ ಬರಬೇಡ. ನಾನೇ ಬಂದು ಹೋಗ್ತಿರ್ತೀನಿ." ಆ ಮಾತನ್ನು ಮಾತ್ರ ಚಿಕ್ಕಪ್ಪ ಪೂರ್ತಿ ಕೇಳಿಸಿಕೊಂಡ.

ಸ್ವಲ್ಪ ದಿನ ಅನ್ನುವುದು ಲಾಡಿಯಿದ್ದ ಹಾಗೆ, ಎಳೆದಷ್ಟೂ ಬರುತ್ತದೆ. ಚಿಕ್ಕಪ್ಪ ಕ್ಷಮೆ ಕೇಳಿ ಹೇಳಿ ಕಳಿಸಿದ. ಇರಲಿ ಬಿಡಿ ಎಂದು ಉತ್ತರ ಬಂತು, ಬನ್ನಿ ಎಂದು ಬರಲಿಲ್ಲ. ಮಗಳು ವಾರಕ್ಕೊಮ್ಮೆ ಬರುತ್ತಿದ್ದಳು, ಗಡಿಯಾರ ನೋಡುತ್ತಾ ಕೂತು ಹೋಗುತ್ತಿದ್ದಳು. ಅವಳು ಹೋದ ಮೇಲೆ ಇವನು ಅಂಗಡಿಗೂ ಮನೆಗೂ, ಮನೆಗೂ ಬೀದಿಯ ತುದಿಗೂ ಅಲೆಯುತ್ತಿದ್ದ. ಮಗಳ ಮನೆಯ ಬೀದಿಯವರೆಗೆ ಹೋಗಿ, ಎದುರಿನ ಬೇಕರಿಯಲ್ಲಿ ಏನೂ ಬೇಡದಿದ್ದರೂ ಏನಾದರೂ ಕೊಂಡು ವಾಪಸಾಗುತ್ತಿದ್ದನೆಂದು ಆಮೇಲೆ ಗೊತ್ತಾಯಿತು. ಊರಿನ ಯಾವ ಬಾಗಿಲನ್ನಾದರೂ ಒಂದು ತಂತಿಯಲ್ಲಿ ತೆಗೆಯಬಲ್ಲವನಿಗೆ ಬರೀ ಚಿಲಕ ಹಾಕಿದ ಒಂದು ಬಾಗಿಲು ದಾಟಲಾಗಲಿಲ್ಲ. ನನಗೆ ಅವನ ಮೇಲೆ ಸಿಟ್ಟೂ ಬರುತ್ತಿತ್ತು, ಕರುಳೂ ಚುರುಕ್ ಅನ್ನುತ್ತಿತ್ತು.

ಒಂದು ಸಲ ಬಂದಾಗ ತಂಗಿ ಮಾತಿನ ನಡುವೆ ಹೇಳಿದಳು. ಮಾವ ಕೊಳ್ಳುತ್ತಿದ್ದ ಹೊಗೆಸೊಪ್ಪಿನ ಅಂಗಡಿ ಮುಚ್ಚಿಹೋಗಿದೆ, ಬೇರೆ ಕಡೆಯದು ಅವರಿಗೆ ಹಿಡಿಸುವುದಿಲ್ಲ, ಖಾಲಿ ಪೈಪನ್ನೇ ಬಾಯಲ್ಲಿಟ್ಟುಕೊಂಡು ಕೂರುತ್ತಾರೆ. ಅವಳು ಇನ್ನೂ ಹೇಳುವುದರಲ್ಲಿದ್ದಳು, ಚಿಕ್ಕಪ್ಪ ಎದ್ದಾಗಿತ್ತು. "ಸೊಪ್ಪೇ ತಾನೆ? ಗಿಡದಲ್ಲೇ ಬಿಡೋದು ತಾನೆ? ನಾನು ಬೆಳೀತೀನಿ" ಅಂದ. ಚಿಕ್ಕಮ್ಮ ತಲೆಗೆ ಕೈ ಹಚ್ಚಿದಳು. ನೀರು ಬಿಸಿಯಾಗುವವರೆಗೆ ಕಾಯಲಾರದೆ ತಣ್ಣೀರಲ್ಲೇ ಸ್ನಾನ ಮಾಡುವ ಮನುಷ್ಯ ಬೆಳೆ ಬೆಳೆಯುತ್ತಾನಂತೆ, ಮೊದಲು ನಮ್ಮ ಮನೆಗೇ ಹೊಗೆ ಹಾಕುತ್ತಾನೆ ಎಂದಳು.

ಬೀಜದಂಗಡಿಯಾಕೆ ತನ್ನ ಅಪ್ಪನಿಗಾಗಿ ಮನೆಯಲ್ಲೇ ಹೊಗೆಸೊಪ್ಪು ಬೆಳೆದು ಗೊತ್ತಿದ್ದವಳು. ಒಂದು ಚಿಟಿಕೆ ಬೀಜ ಕೊಟ್ಟಳು. ಅದು ಬೀಜವೋ ಧೂಳೋ ತಿಳಿಯದು, ಚಿಕ್ಕಪ್ಪ ಪೊಟ್ಟಣ ಬಿಚ್ಚಿ ಹತ್ತಿರದಿಂದ ನೋಡುವಾಗ ಸೀನಿದ, ಅರ್ಧ ಬೆಳೆ ಅಲ್ಲೇ ಹಾರಿಹೋಯಿತು. ಉಳಿದದ್ದನ್ನು ತಾರಸಿಯ ಮೇಲೆ ಹಳೆಯ ಪೇಂಟ್ ಡಬ್ಬಿಗಳಲ್ಲಿ ಹಾಕಿ ಮೇಲೆ ಒಂದು ಗೇಣು ಮಣ್ಣು ಸುರಿದ. ಆಕೆ ಹೇಳಿದ್ದು ಮಣ್ಣು ಮುಚ್ಚಬೇಕಾಗಿಲ್ಲ, ಬೆಳಕು ಬೀಳಲಿ ಎಂದು. ಇವನು ಮಣ್ಣು ಮುಚ್ಚಬೇಕು ಅನ್ನುವಷ್ಟಕ್ಕೇ ಅಂಗಡಿ ಇಳಿದಿದ್ದ. ಏನೂ ಹುಟ್ಟಲಿಲ್ಲ. ಮತ್ತೆ ಹೋದ, ಮತ್ತೆ ತಂದ. ಈ ಸಲ ನಾನೂ ಜೊತೆಗೆ ಹೋಗಿ ವಾಕ್ಯದ ಉಳಿದರ್ಧ ಕೇಳಿಕೊಂಡು ಬಂದೆ.

ಗಿಡಗಳು ಮಾತ್ರ ಧಾರಾಳವಾಗಿ ಬಂದವು. ಮೊಣಕಾಲಿಗೆ, ಸೊಂಟಕ್ಕೆ, ಎದೆಗೆ. ಮೊರದಗಲದ ಎಲೆಗಳು, ಮುಟ್ಟಿದರೆ ಅಂಟಂಟು, ಆ ಅಂಟು ಸಾಬೂನಿಗೂ ಬಗ್ಗದು. ಮೊಗ್ಗು ಕಂಡ ಕೂಡಲೇ ತುದಿ ಚಿವುಟಬೇಕು, ಎಲೆಯ ಕಂಕುಳಲ್ಲಿ ಏಳುವ ಕುಡಿಗಳನ್ನು ಮುರಿಯಬೇಕು, ಇಲ್ಲವಾದರೆ ಸತ್ವವೆಲ್ಲ ಹೂವಿನ ಪಾಲು. ಈ ಕೆಲಸ ಚಿಕ್ಕಪ್ಪನಿಗೆ ಹೇಳಿ ಮಾಡಿಸಿದ್ದು. ದಿನಕ್ಕೆ ಎಷ್ಟು ಸಲ ತಾರಸಿ ಹತ್ತಿದರೂ ಚಿವುಟಲು ಏನಾದರೂ ಇರುತ್ತಿತ್ತು. ಬುಡದ ಎಲೆ ಹಳದಿಗೆ ತಿರುಗಿದಂತೆ ಒಂದೊಂದಾಗಿ ಕಿತ್ತು, ತಂತಿಗೆ ಪೋಣಿಸಿ, ಮಗಳು ಮದುವೆಗೆ ಮುಂಚೆ ಮಲಗುತ್ತಿದ್ದ ಕೋಣೆಯಲ್ಲಿ ಸಾಲುಸಾಲಾಗಿ ಕಟ್ಟಿದ.

ಅಲ್ಲಿಂದಲೇ ಕಾಟ ಶುರುವಾದದ್ದು. ಎಲೆ ನೆರಳಲ್ಲಿ ತನ್ನಷ್ಟಕ್ಕೆ ತಾನು ಮೊದಲು ಹಳದಿಯಾಗಬೇಕು, ಆಮೇಲೆ ಕಂದಾಗಬೇಕು. ಮನುಷ್ಯನ ಕೆಲಸವೆಂದರೆ ಬಾಗಿಲು ಮುಚ್ಚಿ ಹೋಗುವುದು. ಚಿಕ್ಕಪ್ಪ ಬಾಗಿಲು ಮುಚ್ಚುತ್ತಿದ್ದ, ತೆಗೆಯುತ್ತಿದ್ದ. ಕಿಟಕಿ ತೆಗೆದ, ಮುಚ್ಚಿದ. ಒಂದೊಂದೇ ಎಲೆ ತಿರುಗಿಸಿದ. ಕೊನೆಗೆ ತಡೆಯಲಾರದೆ ಎಲ್ಲವನ್ನೂ ತಾರಸಿಯ ಬಿಸಿಲಿಗೆ ಹಾಕಿದ. ಎರಡೇ ದಿನಕ್ಕೆ ಒಣಗಿದವು, ಆದರೆ ಹಸಿರಾಗಿಯೇ ಒಣಗಿದವು. ಒಟ್ಟುಮಾಡಲು ಕೈ ಹಾಕಿದರೆ ಹಪ್ಪಳದ ಹಾಗೆ ಪುಡಿಯಾದವು. ಬೀಜದಂಗಡಿಯಾಕೆ ಬಂದು ನೋಡಿ, "ಒಣಗೋದು ಬೇರೆ, ಹದ ಬರೋದು ಬೇರೆ" ಅಂದಳು. ಒಣಗಿದ ಎಲೆ ಮಂಜಿನ ಬೆಳಿಗ್ಗೆಯೊಂದರಲ್ಲಿ ತಾನಾಗಿ ತೇವ ಹೀರಿ ಮೆದುವಾಗುತ್ತದೆ, ಆಗ ಮುಟ್ಟಿದರೆ ಬಟ್ಟೆಯ ಹಾಗೆ ಮಡಿಸಿಕೊಳ್ಳುತ್ತದೆ, ಅದು ಹದ. ಅದಕ್ಕೆ ಮುಂಚೆ ಮುಟ್ಟಿದವನಿಗೆ ಪುಡಿಯೇ ಗತಿ.

ಅಳಿದುಳಿದದ್ದನ್ನು ಜಾಡಿಗೆ ಹಾಕಿ ಅದನ್ನೂ ಗಳಿಗೆಗೊಮ್ಮೆ ತೆಗೆದು ಮೂಸಿದ. ಹಿಡಿ ಕಸ ಉಳಿಯಿತು. ಆ ದಿನ ನಾನು ಕೆಳಗಿಳಿದು ಹೋದಾಗ ಮಗಳ ಖಾಲಿ ಮಂಚದ ಮೇಲೆ ಅಂಗೈಯಲ್ಲಿ ಆ ಹಸಿರು ಪುಡಿ ಹಿಡಿದು ಕೂತಿದ್ದ. ಕೂತಿದ್ದ ಅನ್ನುವುದೇ ದೊಡ್ಡ ಸುದ್ದಿ. "ನನ್ನ ಕೈಯೇ ಸರಿ ಇಲ್ಲ ಕಣೇ. ಅವತ್ತೂ ಇದೇ ಕೈ" ಅಂದ. ನಾನು ಪೊರಕೆ ತಂದು ನೆಲ ಗುಡಿಸಿದೆ.

ಮರುವರ್ಷ ಅವನು ಮಾಡಿದ ಮೊದಲ ಕೆಲಸ ಆ ಕೋಣೆಯ ಬಾಗಿಲಿಗೆ ಬೀಗ ಹಾಕಿ ಕೀಲಿಯನ್ನು ಚಿಕ್ಕಮ್ಮನ ಕೈಗೆ ಕೊಟ್ಟದ್ದು. ನಿಮ್ಮನ್ನು ನಿಲ್ಲಿಸುವ ಬೀಗ ಇನ್ನೂ ಹುಟ್ಟಿಲ್ಲ, ಇದು ಯಾವ ನಾಟಕ ಎಂದು ಅವಳು ಕೇಳಿದಳು. ಅದು ನಿಜವೂ ಹೌದು, ಒಂದು ಹೇರ್‌ಪಿನ್ನು ಸಾಕಿತ್ತು ಅವನಿಗೆ. ಆದರೂ ಕೀಲಿ ಅವಳ ಸೊಂಟದಲ್ಲೇ ಉಳಿಯಿತು. ಎಲೆಗಳು ತೂಗಿದ್ದಷ್ಟು ದಿನ ಅವನು ಆ ಬಾಗಿಲ ಮುಂದೆ ಓಡಾಡಿ ಓಡಾಡಿ ನೆಲದ ಸಿಮೆಂಟು ಸವೆಸಿದ. ಯಾರೂ ಕೇಳದ ಕೀಲಿಗಳನ್ನು ಅರದಲ್ಲಿ ಉಜ್ಜಿ ಮಾಡಿದ. ಮನೆಯಲ್ಲಿರುವ ಪ್ರತಿಯೊಂದು ಚಿಲಕಕ್ಕೂ ಎಣ್ಣೆ ಬಿಟ್ಟ, ನನ್ನ ಪೆಟ್ಟಿಗೆಯ ಚೆನ್ನಾಗಿದ್ದ ಬೀಗವನ್ನೂ ಬಿಚ್ಚಿ ಜೋಡಿಸಿದ. ಊಟಕ್ಕೆ ಕೂತರೆ ಮೊಣಕಾಲು ಅಲುಗಿ ತಟ್ಟೆ ಟಣಟಣ ಅನ್ನುತ್ತಿತ್ತು. ಬಾಗಿಲ ಸಂದಿಗೆ ಮೂಗಿಟ್ಟು ಮೂಸುವುದನ್ನು ಮಾತ್ರ ಬಿಡಲಿಲ್ಲ. ಇವತ್ತು ಹಸಿ ಹುಲ್ಲು ಅನ್ನುತ್ತಿದ್ದ, ಇನ್ನೊಂದು ದಿನ ಒಣಹುಲ್ಲು, ಆಮೇಲೊಂದು ದಿನ ಏನೋ ಸಿಹಿ ಕಣೇ, ಮೂಸು ಬಾ ಎಂದು ನನ್ನನ್ನೂ ಕರೆದ. ನಿಜವಾಗಿ ಸಿಹಿಯಾಗಿತ್ತು.

ಮಂಜು ಬಿದ್ದ ಬೆಳಿಗ್ಗೆ ಚಿಕ್ಕಮ್ಮನೇ ಒಳಗೆ ಹೋಗಿ ಒಂದು ಎಲೆ ಮಡಿಸಿ ನೋಡಿ, ಬಾಗಿಲು ತೆರೆದು ಕರೆದಳು. ಹದ ಬಂದಿತ್ತು. ಎಲೆಗಳು ಹಳೆಯ ಚರ್ಮದ ಬಣ್ಣಕ್ಕೆ ತಿರುಗಿದ್ದವು. ಮೂವರೂ ಕೂತು ನಡುವಿನ ದಂಟು ಎಳೆದು ತೆಗೆದೆವು. ಚಿಕ್ಕಪ್ಪ ಅವನ್ನು ಒಂದರ ಮೇಲೊಂದು ಪೇರಿಸಿ, ಎರಡು ಹಲಗೆಯ ನಡುವೆ ಇಟ್ಟು, ಅಂಗಡಿಯ ವೈಸಿನಲ್ಲಿ ಬಿಗಿದ. ಕೆಲವು ದಿನಗಳ ಮೇಲೆ ಆ ಗಟ್ಟಿ ಇಟ್ಟಿಗೆಯನ್ನು ಸಣ್ಣಗೆ ಕೊಯ್ದು, ರಬ್ಬರ್ ಬಳೆಯ ಮುಚ್ಚಳವಿರುವ ಪಿಂಗಾಣಿ ಜಾಡಿಗೆ ತುಂಬಿದ. ಬೀಜದಂಗಡಿಯಾಕೆಯನ್ನು ಕರೆದು ತೋರಿಸಿದ. ಆಕೆ ಬೆರಳಲ್ಲಿ ಒತ್ತಿ ನೋಡಿ, "ಮುಚ್ಚಿದ ಜಾಡಿ ತೆಗೀಲೇಬಾರದು ಅಂತ ಕೂತ್ರೆ ಬೂಷ್ಟು ಹಿಡಿಯುತ್ತೆ. ಇನ್ನೂ ತೇವ ಇದೆ, ಮೊದಮೊದಲು ಆಗಾಗ ಬಾಯಿ ತೆಗೆದು ಗಾಳಿ ಆಡಿಸಿ" ಅಂದಳು. ಅಷ್ಟು ಹೊತ್ತಿಗೆ ಚಿಕ್ಕಪ್ಪ ಜಾಡಿ ಎತ್ತಿಕೊಂಡು ಒಳಗೆ ಹೋಗಿಯಾಗಿತ್ತು. ತೆಗೀಲೇಬಾರದು ಅನ್ನುವುದೇ ಅವನಿಗೆ ಸಿಕ್ಕ ಕೊನೆಯ ಪದ.

ಉಳಿದದ್ದನ್ನು ನಾನು ಹೇಳಿದೆ. ಚಿಕ್ಕಮ್ಮ ಹೇಳಿದಳು. ಅವನು ಇಬ್ಬರ ಮುಖವನ್ನೂ ನೋಡಿ ನಕ್ಕ. "ನಿಮ್ಮ ಆಟ ಗೊತ್ತಾಗಲ್ವಾ ನನಗೆ? ಪರೀಕ್ಷೆ ಮಾಡ್ತಿದ್ದೀರಿ. ಈ ಸಲ ಸಿಕ್ಕಿಬೀಳಲ್ಲ." ಬೀಜದಂಗಡಿಯಾಕೆಯನ್ನೇ ಕರೆಸಿ ಹೇಳಿಸಿದರೂ ನಂಬಲಿಲ್ಲ, ಮೂವರೂ ಸೇರಿಕೊಂಡಿದ್ದೀರಿ ಅಂದ. ಜನ್ಮವಿಡೀ ಅರ್ಧ ಮಾತು ಕೇಳಿ ಕೆಟ್ಟವನು ಪೂರ್ತಿ ಮಾತು ಕಿವಿಗೆ ಬಿದ್ದಾಗ ಅದನ್ನು ಮೋಸ ಅಂದುಕೊಂಡ.

ನಾವೇ ಕದ್ದು ತೆಗೆದು ಗಾಳಿಯಾಡಿಸೋಣ ಎಂದು ಚಿಕ್ಕಮ್ಮನಿಗೆ ಹೇಳಿದೆ. ಅವಳು ಒಪ್ಪಲಿಲ್ಲ. "ಬೂಷ್ಟು ಬಂದ್ರೆ ಬರಲಿ ಬಿಡು. ಈ ಮನುಷ್ಯ ಏನನ್ನೂ ಮುಚ್ಚಿದ ಹಾಗೆ ಬಿಟ್ಟಿದ್ದನ್ನ ನಾನು ನೋಡಿರಲಿಲ್ಲ. ನೋಡೋಣ" ಅಂದಳು. ಜಾಡಿ ಅಡುಗೆಮನೆಯ ಮೇಲಿನ ಹಲಗೆಯಲ್ಲಿ ಎಲ್ಲರ ಕಣ್ಣಿಗೆ ಕಾಣುವಂತೆ ಕೂತಿತು. ಈಗ ಚಡಪಡಿಕೆ ನನ್ನದಾಯಿತು. ತಪ್ಪು ಕಣ್ಣಿಗೆ ಬಿದ್ದೂ ಪುಟ ಅಚ್ಚಿಗೆ ಹೋಗುತ್ತಿದ್ದರೆ ಹೇಗಾಗುತ್ತದೋ ಹಾಗೆ. ನೀರು ಕುಡಿಯಲು ಹೋದರೂ ಕಣ್ಣು ಅಲ್ಲೇ. ಚಿಕ್ಕಪ್ಪನೂ ದಿನಕ್ಕೆ ಹತ್ತಾರು ಸಲ ಅದರ ಕೆಳಗೆ ಬಂದು ನಿಲ್ಲುತ್ತಿದ್ದ, ಕೈ ಮೇಲೆತ್ತುತ್ತಿದ್ದ, ಆ ಕೈಯಲ್ಲಿ ತಲೆ ಕೆರೆದುಕೊಂಡು ಹೊರಟುಹೋಗುತ್ತಿದ್ದ.

ಬಿಸಿಲು ಕಾಲ ಕಳೆದ ಮೇಲೆ ತಂಗಿ ಮಾವನ ಹತ್ತಿರ ಮಾತಾಡಿದಳು. ಅಪ್ಪ ಒಂದು ಸಾಮಾನು ಕೊಟ್ಟು ಹೋಗಲು ಬರುತ್ತಾರೆ ಅಂದಳಂತೆ. ಬರಲಿ ಅಂದರಂತೆ. ಬರಲಿ ಅಂದದ್ದು ಒಂದು ಸಲಕ್ಕೋ ಯಾವಾಗಲಿಗೋ ಯಾರಿಗೂ ತಿಳಿಯದು. ನಾವು ಮೂವರೂ ಹೊರಟೆವು. ಚಿಕ್ಕಪ್ಪ ಜಾಡಿಯನ್ನು ಎರಡೂ ಕೈಯಲ್ಲಿ ಅಪ್ಪಿ ಹಿಡಿದಿದ್ದ. ಚೀಲ ಮನೆಯಲ್ಲೇ ಬಿಟ್ಟಿದ್ದ. ದಾರಿಯುದ್ದಕ್ಕೂ ಚಿಕ್ಕಮ್ಮ ನನ್ನ ಮುಖ ನೋಡಲಿಲ್ಲ.

ಬೀಗರು ಮೊದಲಿಗಿಂತ ಇಳಿದುಹೋಗಿದ್ದರು. ಖಾಲಿ ಪೈಪು ಬೆರಳ ನಡುವೆ ಇತ್ತು. ತೆರೆದ ಬಾಗಿಲಲ್ಲಿ ಒಳಗಿನ ಕೋಣೆಯ ಬೀರು ಕಾಣುತ್ತಿತ್ತು, ಮುಚ್ಚಿತ್ತು, ಬೀಗ ಇರಲಿಲ್ಲ. ಚಿಕ್ಕಪ್ಪ ಆ ಕಡೆ ನೋಡದೆ ಜಾಡಿಯನ್ನು ಮೇಜಿನ ಮೇಲಿಟ್ಟು, ಹೊಗೆಸೊಪ್ಪು, ಮನೆಯಲ್ಲೇ ಬೆಳೆದದ್ದು ಅಂದ.

ಬೀಗರು ಮುಚ್ಚಳ ತಿರುಗಿಸಿದರು. ಅದು ಅಂಟಿಕೊಂಡಿತ್ತು. ಮತ್ತೊಮ್ಮೆ ತಿರುಗಿಸಿದಾಗ ಒಳಗಿನಿಂದ ಉಸಿರು ಬಿಟ್ಟ ಹಾಗೆ ಸದ್ದಾಯಿತು. ಕಂದು ಸೊಪ್ಪಿನ ಮೇಲೆ ದಟ್ಟವಾಗಿ ಬಿಳಿ ಬೂಷ್ಟು ಹಬ್ಬಿತ್ತು.

ಚಿಕ್ಕಪ್ಪನಿಗೆ ವಾಕ್ಯದ ಉಳಿದರ್ಧ ತಲುಪಿದ್ದು ಆಗ. ನಮ್ಮ ಕಡೆ ತಿರುಗಿ ನೋಡಿದ ಆ ಮುಖ ನನಗೆ ಇವತ್ತಿಗೂ ಮರೆತಿಲ್ಲ. ಜಾಡಿ ವಾಪಸು ಎತ್ತಿಕೊಳ್ಳಲು ಅರ್ಧ ಎದ್ದ. ಬೀಗರು ಜಾಡಿಯ ಮೇಲೆ ಕೈ ಇಟ್ಟರು, ಬಗ್ಗಿ ಮೂಸಿದರು. ಬೂಷ್ಟಿನ ಕಮಟು ನನಗೇ ಬಡಿಯುತ್ತಿತ್ತು. ಅವರು ಮಾತ್ರ ಬೇಗ ತಲೆ ಎತ್ತಲಿಲ್ಲ.

"ಇದನ್ನ ಮುಚ್ಚಿದ್ದು ಯಾವಾಗ?"

"ಹೋದ ಚಳಿಗಾಲ."

"ಮಧ್ಯದಲ್ಲಿ ತೆಗೆದು ನೋಡಲಿಲ್ವಾ?"

"ಇಲ್ಲ."

"ಒಂದ್ಸಲನೂ?"

ಚಿಕ್ಕಪ್ಪ ಇಲ್ಲವೆಂದು ತಲೆಯಾಡಿಸಿದ. ಪರೀಕ್ಷೆಯಲ್ಲಿ ಫೇಲಾದ ಹುಡುಗನ ಹಾಗೆ ಕೈ ಕಟ್ಟಿಕೊಂಡಿದ್ದ. ಅದೇ ಬೂಷ್ಟು ಅವನ ಪರವಾಗಿ ಸಾಕ್ಷಿ ಹೇಳುತ್ತಿದೆಯೆಂದು ಅವನೊಬ್ಬನಿಗೇ ತಿಳಿದಿರಲಿಲ್ಲ. ಪೈಪು ಸೇದಿ ತಲೆ ನರೆಸಿದವರಿಗೆ ಹೇಳಬೇಕೆ? ಆಗಾಗ ತೆಗೆದ ಜಾಡಿಯಲ್ಲಿ ಬೂಷ್ಟು ಇಷ್ಟು ದಟ್ಟವಾಗಿ ಕೂರುವುದಿಲ್ಲ. ಬೀಗರು ಒಮ್ಮೆ ಒಳಗಿನ ಬೀರುವಿನ ಕಡೆ ನೋಡಿದರು, ಒಮ್ಮೆ ಚಿಕ್ಕಪ್ಪನ ಕೈಗಳ ಕಡೆ ನೋಡಿದರು. ಆಮೇಲೆ ಜಾಡಿಯ ಮುಚ್ಚಳ ಮೊದಲಿನ ಹಾಗೆ ಬಿಗಿಯಾಗಿ ಮುಚ್ಚಿ ತಮ್ಮ ಪಕ್ಕಕ್ಕೆ ಎಳೆದುಕೊಂಡರು.

"ನೋಡಿ ಬೀಗರೇ" ಅಂದರು. "ನೀವು ಇನ್ಮೇಲೆ ಈ ಮನೆಗೆ ಬರಬೇಕಾದ್ರೆ, ಮೊದಲು ಕೇಳಿ, ಹೇಳಿ ಬರೋದು"

ಪೈಪು ಬಾಯಿಗೆ ಹೋಯಿತು. ಅದರಲ್ಲಿ ಸೊಪ್ಪಿಲ್ಲ, ಬೆಂಕಿಯಿಲ್ಲ, ಆದರೂ ಅಭ್ಯಾಸ. ಖಾಲಿ ಪೈಪನ್ನು ನಿಧಾನವಾಗಿ ಎಳೆದರು. ತಂಗಿ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಚಿಕ್ಕಮ್ಮನ ಕೈ ನನ್ನ ತೋಳನ್ನು ಹಿಂಡುತ್ತಿತ್ತು. ಕೇಳಿ ಬರೋದು ಒಳ್ಳೆಯದು ಅನ್ನಬಹುದು, ಕೇಳಿ ಬರೋದು ಮರ್ಯಾದೆ ಅನ್ನಬಹುದು. ಹಿಂದಿನ ಚಿಕ್ಕಪ್ಪನಾಗಿದ್ದರೆ ಇಷ್ಟು ಹೊತ್ತಿಗೆ ಮೆಟ್ಟಿಲ ಬುಡದಲ್ಲಿರುತ್ತಿದ್ದ. ಮೊಣಕಾಲು ಅಲುಗುತ್ತಿತ್ತು, ಅದರ ಮೇಲೆ ಎರಡೂ ಕೈ ಒತ್ತಿ ಹಿಡಿದು ಅವನು ಬೀಗರ ಬಾಯನ್ನೇ ನೋಡುತ್ತಾ ಕೂತಿದ್ದ.

ಬೀಗರು ಪೈಪು ತೆಗೆದರು.

"ಬೇಡ" ಅಂದರು.

ಕೇಳಿ, ಹೇಳಿ ಬರೋದು ಬೇಡ, ಅಂದರೆ ಬೇಕೆಂದಾಗ ಬನ್ನಿ ಎಂದೇ. ತಂಗಿ ನಗುತ್ತಾ ಅಳುತ್ತಾ ಒಳಗೆ ಓಡಿದಳು. ಚಿಕ್ಕಮ್ಮ ನನ್ನ ತೋಳು ಬಿಟ್ಟಳು. ಚಿಕ್ಕಪ್ಪ ಮಾತ್ರ ಅಲುಗಲಿಲ್ಲ, ವಾಕ್ಯದಲ್ಲಿ ಇನ್ನೂ ಏನಾದರೂ ಉಳಿದಿರಬಹುದೆಂದು ಕಾಯುತ್ತಲೇ ಇದ್ದ.